ನಿರೀಕ್ಷಿತ ದಿನಾಂಕ

ಅರ್ಜಿಯ ಏಳನೇ ಪುಟದಲ್ಲೊಂದು ಚೌಕ:
ಪದವಿ ಪಡೆದ ದಿನಾಂಕ.
ಅದರ ಕೆಳಗೆ ಚಿಕ್ಕಕ್ಷರದಲ್ಲಿ, ಕನಿಕರಪಟ್ಟ ಹಾಗೆ:
ಪಡೆದಿಲ್ಲವಾದರೆ, ನಿರೀಕ್ಷಿತ ದಿನಾಂಕ.
ನಾಲ್ಕು ರಾತ್ರಿಯಿಂದ ಅಲ್ಲೇ ನಿಂತಿದ್ದೇನೆ,
ತೆರೆದ ಗೇಟಿನೆದುರು ಹಸು ನಿಲ್ಲುವ ಹಾಗೆ.
ತೆರೆದಿರುವುದೇ ಅದಕ್ಕೆ ಅನುಮಾನ.

ಪಶುವೈದ್ಯಕ್ಕೆ ಬೇಕಾದ ವಿಷಯಗಳೆಲ್ಲ ಮುಗಿದಿವೆ.
ಸಾವಯವ ರಸಾಯನದಲ್ಲಿ ಅರವತ್ತೆಂಟು, ಯಾರಿಗೂ ಹೇಳಿಲ್ಲ;
ತಳಿಶಾಸ್ತ್ರದಲ್ಲಿ ತೊಂಬತ್ತೊಂದು, ಎಲ್ಲರಿಗೂ ಹೇಳಿಯಾಗಿದೆ.
ಉಳಿದದ್ದು ಒಂದು ವರ್ಷ,
ಮತ್ತು ಕಲ್ಲುಹೂವಿನ ಮೇಲೆ ನಾನು ಶುರುಮಾಡಿದ ಪ್ರಬಂಧ.
ಸಸ್ಕಾಚೆವಾನಿನ ಬೇಲಿಕಂಬಗಳ ಉತ್ತರದ ಮೈಗೆ ಅಂಟಿ
ವರ್ಷಕ್ಕೆ ಅರ್ಧ ಮಿಲಿಮೀಟರು ಬೆಳೆಯುವ ಜೀವ.
ಅದಕ್ಕೆ ಅವಸರವಿಲ್ಲ.
ಅದನ್ನು ಅಳೆಯುತ್ತಿದ್ದ ಮಧ್ಯಾಹ್ನಗಳಲ್ಲಿ
ನನಗೂ ಇರಲಿಲ್ಲ.

ಟೆಕ್ಲಾ ಚಿಕ್ಕಮ್ಮ ಅನ್ನುತ್ತಾಳೆ:
'ಕೈಯಲ್ಲೊಂದು ಕಾಗದ ಇರಲಿ, ಮರೂಸ್ಯಾ.
ಕಾಗದವೇನು ಮೇವು ಕೇಳುತ್ತದೆಯೇ?'
ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು,
ಇನ್ನೂರು ಹಸುಗಳ ಬಸಿರಿನ ಲೆಕ್ಕ
ಕ್ಯಾಲೆಂಡರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡುವವಳು.
ರೂಮಿನ ಜೋಸೆಟ್, ಸೂಪು ಕಲಕುತ್ತ:
'ಸೀಟು ಸಿಕ್ಕರೆ ಹೋಗು, ಸಿಗದಿದ್ದರೆ ಇದ್ದೇ ಇದೆ ನಿನ್ನ ಪಾಚಿ.'
ಪಾಚಿಯಲ್ಲ ಅದು, ಎಂದೆ.
ಇಬ್ಬರ ಮಾತೂ ಸರಿ. ಕಷ್ಟವೇ ಅದು.

ಶನಿವಾರ ಊರಿಗೆ ಹೋಗಿದ್ದೆ.
ಮೈನಸ್ ಮೂವತ್ತನಾಲ್ಕು; ಉಸಿರು ರೆಪ್ಪೆಯ ಮೇಲೇ ಹೆಪ್ಪುಗಟ್ಟುತ್ತಿತ್ತು.
ಕ್ಯಾಲೆಂಡರಿನಲ್ಲಿ ಫೆಬ್ರುವರಿ ಹದಿನೆಂಟು ಎಂದಿದ್ದ ಕಡಸು
ಜನವರಿಯಲ್ಲೇ ಮೂಲೆಗೆ ಮುಖಮಾಡಿ ನಿಂತಿತ್ತು, ಬಾಲ ಎತ್ತಿ.
ನೂರಾನಲವತ್ತು ಕಿಲೋಮೀಟರಿನೊಳಗೆ
ಡಾಕ್ಟರ್ ಹಿಲ್ಡೆಬ್ರಾಂಡ್ ಒಬ್ಬರೇ.
ಎಪ್ಪತ್ತೊಂದು ವಯಸ್ಸು, ಬಲಭುಜ ಮೇಲೇಳದು.
'ನಿನ್ನ ಕೈ ಸಣ್ಣದು. ನೀನೇ ಹಾಕು.'

ಮೊಣಕೈವರೆಗೆ, ಆಮೇಲೆ ಭುಜದವರೆಗೆ
ಆ ಬಿಸಿ ಕತ್ತಲೆಯೊಳಗೆ ಹೋದೆ.
ಒಂದು ಗೊರಸು. ಒಂದೇ.
ಇನ್ನೊಂದು ಕಾಲು ಹಿಂದಕ್ಕೆ ಮಡಿಸಿದೆ.
'ಗೊರಸನ್ನು ಅಂಗೈಯಲ್ಲಿ ಮುಚ್ಚಿಕೋ, ಒಳಗೆ ಹರಿಯಬಾರದು.
ಅವಳು ತಿಣುಕುವಾಗ ನಿಲ್ಲು.
ಉಸಿರು ಬಿಟ್ಟಾಗ ತಿರುಗಿಸು.'
ಹುಡುಕುತ್ತಿದ್ದ ಬೆರಳು ಬಾಯಿಗೆ ತಾಗಿತು.
ಚೀಪಿತು.
ಇನ್ನೂ ಹುಟ್ಟದ್ದು, ಚೀಪಿತು.

ಹೊರಬಿದ್ದಾಗ ಕೈಚೀಲದಷ್ಟು ಹಗುರ,
ರೇಷ್ಮೆಯಂಥ ಗಿಡ್ಡ ಕೂದಲು, ಹಲ್ಲು ಇನ್ನೂ ಒಸಡಿನೊಳಗೇ.
ಹುಲ್ಲೆಸಳಿಂದ ಮೂಗಿಗೆ ಕಚಗುಳಿಯಿಟ್ಟೆ; ಸೀನಿತು.
ಟ್ರಕ್ಕಿನ ಹೀಟರಿನೆದುರು, ಚಿಕ್ಕಮ್ಮನ ಹಳೇ ಕೋಟಿನೊಳಗೆ ಸುತ್ತಿಟ್ಟೆ.
'ನೋಡಿ,' ಎಂದೆ, 'ತಿಂಗಳು ತುಂಬದೆ ಬಂದದ್ದೂ ಬದುಕುತ್ತದೆ.'
ಡಾಕ್ಟರಿಗೆ ಗೊತ್ತಾಯಿತು; ನನ್ನ ಅರ್ಜಿಯ ಸಂಗತಿ ಊರಿಗೇ ಗೊತ್ತು.
ಬಕೆಟ್ಟಿನಲ್ಲಿ ಕೈ ತೊಳೆಯುತ್ತ ಅಂದರು:
'ಇದು ಕರು. ನಿನಗೆ ಬಂದ ಓಲೆಯಲ್ಲ.
ನಾಳೆ ಇದು ಸತ್ತರೆ
ಪದವಿ ಮುಗಿಸುತ್ತೀಯೇನು?'

ಭಾನುವಾರ ನಾನು ಹೊರಟಾಗ
ಮುಂಗಾಲು ಮಂಡಿಯೂರಿ ಎದ್ದಿತ್ತು, ಅರ್ಧ;
ಹಿಂದಿನದು ಇನ್ನೂ ಯೋಚಿಸುತ್ತಿತ್ತು.
ಚಿಕ್ಕಮ್ಮ ಕ್ಯಾಲೆಂಡರಿನ ಹದಿನೆಂಟನ್ನು ಅಳಿಸಲಿಲ್ಲ,
ಅಡ್ಡಗೆರೆ ಎಳೆದು ಪಕ್ಕದಲ್ಲಿ ನಿಜವಾದ ತಾರೀಕು ಬರೆದಳು.

ಈಗ ರೂಮು. ಜೋಸೆಟ್ ಮಲಗಿದ್ದಾಳೆ.
ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ವಾಸನೆ.
ಮೇಜಿನ ಮೇಲೆ, ಕಂಬದಿಂದ ಎದ್ದ ಚಕ್ಕೆಯೊಂದರಲ್ಲಿ
ಕಿತ್ತಳೆ ಬಣ್ಣದ ಕಲ್ಲುಹೂವು, ನನ್ನ ಹೆಬ್ಬೆರಳುಗುರಿನಷ್ಟು.
ನನಗಿಂತ ಹಿರಿದು ಅದು.

ಚೌಕದಲ್ಲಿ ಬರೆದೆ: ಬರುವ ವರ್ಷದ ಮೇ.
ಸುಳ್ಳಲ್ಲ. ಅವರು ಕೇಳಿದ್ದು
ಏನು ನಿರೀಕ್ಷಿಸುತ್ತೀ ಎಂದಷ್ಟೇ.

ಫೋನು ಮಗುಚಿಟ್ಟಿದ್ದೇನೆ.
ಕರು ಎದ್ದು ನಿಂತಿತೇ ಎಂದು ಕೇಳಬೇಕು,
ಕೇಳುತ್ತೇನೆ.
ಮೊದಲು ಇದನ್ನು ಕಳಿಸಿ,
ಆಮೇಲೆ.